ಮೊಡವೆ ಮುಖಕ್ಕೆ ಫೌಂಡೇಷನ್: ಅಂಗಡಿಯ ಟೆಸ್ಟ್ ಸಾಲದು

ಅಂಗಡಿಯಲ್ಲಿ ದವಡೆಗೆ ಒಂದು ಗೆರೆ ಹಚ್ಚಿ, ಹೊರಗಿನ ಬೆಳಕಲ್ಲಿ ನೋಡಿದರೆ ಶೇಡ್ ಹೊಂದುತ್ತೋ ಇಲ್ವೋ ಗೊತ್ತಾಗುತ್ತೆ, ಅಷ್ಟೇ. ಮೊಡವೆ ಬರುತ್ತಾ ಅನ್ನೋದು ಗೊತ್ತಾಗಲ್ಲ. ರೋಮರಂಧ್ರ ಕಟ್ಟಿಕೊಂಡು ಗುಳ್ಳೆ ಏಳೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೇಕಪ್‌ನಿಂದ ಬರುವ ಈ ಮೊಡವೆಯನ್ನು ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಹೋದ್ಯೋಗಿ 1972ರಲ್ಲೇ ‘ಆಕ್ನೆ ಕಾಸ್ಮೆಟಿಕಾ’ ಎಂದು ಕರೆದಿದ್ದರು.

‘ನಾನ್-ಕಾಮಿಡೋಜೆನಿಕ್’, ಅಂದರೆ ರಂಧ್ರ ಮುಚ್ಚದು ಎಂಬ ಲೇಬಲ್ ಇದ್ದರೆ ಒಳ್ಳೆಯದೇ. ಆದರೆ ಎಲ್ಲರ ಚರ್ಮಕ್ಕೂ ಅದು ಗ್ಯಾರಂಟಿ ಅಲ್ಲ. ಹಿಂದೆ ಇಂಥ ಪರೀಕ್ಷೆ ನಡೆಯುತ್ತಿದ್ದದ್ದು ಮೊಲದ ಕಿವಿಯ ಮೇಲೆ!

ಅದಕ್ಕೇ ನಾನು ಎಣ್ಣೆರಹಿತ, ತೆಳುವಾದ ಫೌಂಡೇಷನ್ನಿನ ಚಿಕ್ಕ ಪ್ಯಾಕ್ ಕೊಳ್ತೀನಿ. ಆ ಸಮಯದಲ್ಲಿ ಫೇಸ್‌ವಾಶ್, ಸನ್‌ಸ್ಕ್ರೀನ್ ಯಾವುದನ್ನೂ ಬದಲಿಸಲ್ಲ. ನಾಲ್ಕರಿಂದ ಆರು ವಾರ ಗಮನಿಸ್ತೀನಿ. ಗಲ್ಲ, ಹಣೆ, ಕೆನ್ನೆಯಲ್ಲಿ ಸಣ್ಣ ಗುಳ್ಳೆಗಳು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸ್ತೀನಿ. ನೀವೂ ಮದುವೆಗೋ ಇಂಟರ್‌ವ್ಯೂಗೋ ವಾರ ಇರುವಾಗ ಹೊಸದನ್ನು ಶುರು ಮಾಡಬೇಡಿ.

ಎಷ್ಟೇ ಸುಸ್ತಾಗಿದ್ದರೂ ಮೇಕಪ್ ತೆಗೆದೇ ಮಲಗಿ. ಸ್ಪಾಂಜ್, ಬ್ರಷ್‌ ಆಗಾಗ ತೊಳೆದು ಪೂರ್ತಿ ಒಣಗಿಸಿ. ಬೇರೆಯವರದ್ದು ಬಳಸೋದು ಬೇಡ.

ಇಷ್ಟು ತಾಳ್ಮೆ ಯಾಕೆ ಅಂದ್ರೆ, ನಮ್ಮ ಕಂದು ಚರ್ಮದಲ್ಲಿ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ನೋಯುವ, ಗುಂಡಿ ಬೀಳಿಸುವ ಮೊಡವೆ ಇದ್ದರೆ ಮೊದಲು ಚರ್ಮವೈದ್ಯರನ್ನು ನೋಡಿ. ಫೌಂಡೇಷನ್ ಅದನ್ನು ಮುಚ್ಚಬಹುದು, ವಾಸಿ ಮಾಡಲ್ಲ.