ಸೈಕಲ್ ಓಡುತ್ತದೆ, ವೀಸಾ ಓಡಬೇಕಲ್ಲ!

ದೋಹಾ ಪಕ್ಕದ ಮುಐದರ್‌ನಿಂದ ಸಲ್ವಾ ರಸ್ತೆ ಹಿಡಿದು ಪೆಡಲ್ ತುಳಿದರೆ ನೂರು ಕಿಲೋಮೀಟರ್ ಆಗುವ ಮೊದಲೇ ದೇಶ ಮುಗಿಯುತ್ತದೆ. ಅಲ್ಲಿರುವುದು ಅಬು ಸಮ್ರಾ, ಕತಾರ್‌ನ ಏಕೈಕ ಭೂಗಡಿ ಠಾಣೆ. ಆಚೆಗೆ ಸೌದಿ ಅರೇಬಿಯಾ. 2017ರ ಜೂನ್‌ನಲ್ಲಿ ಸೌದಿ ಮುಚ್ಚಿದ ಈ ಗಡಿ ಮತ್ತೆ ತೆರೆದದ್ದು 2021ರ ಜನವರಿಯಲ್ಲಿ.

ಮರುವರ್ಷ ಫುಟ್‌ಬಾಲ್ ವಿಶ್ವಕಪ್ ನೋಡಲೆಂದು ಮೆಹದಿ ಬಲಮಿಸ್ಸಾ, ಗೇಬ್ರಿಯಲ್ ಮಾರ್ಟಿನ್ ಎಂಬ ಫ್ರೆಂಚ್ ಗೆಳೆಯರು ಪ್ಯಾರಿಸ್‌ನಿಂದ ಸುಮಾರು 7,000 ಕಿ.ಮೀ. ತುಳಿದು ಮೂರು ತಿಂಗಳಲ್ಲಿ ಕತಾರ್ ಸೇರಿದರು.

ಭಾರತೀಯ ಸವಾರರಿಗೆ ದಾರಿ ಇಷ್ಟು ಸಲೀಸಲ್ಲ.

2018ರಲ್ಲಿ ಕೇರಳದ ಕ್ಲಿಫಿನ್ ಫ್ರಾನ್ಸಿಸ್ ರಷ್ಯಾ ವಿಶ್ವಕಪ್‌ಗೆ ಸೈಕಲ್ ಏರಿದರು. ಪಾಕಿಸ್ತಾನದ ದಾರಿ ಬಿಟ್ಟು ದುಬೈಗೆ ವಿಮಾನ, ಅಲ್ಲಿಂದ ಇರಾನ್‌ಗೆ ಹಡಗು. ಅಜೆರ್‌ಬೈಜಾನ್ ದಾಟಿ ಬಂದರೆ ಜಾರ್ಜಿಯಾ ಗಡಿಯಲ್ಲಿ ಕಾಗದಪತ್ರಗಳೆಲ್ಲ ಇದ್ದೂ ಒಳಗೆ ಬಿಡಲಿಲ್ಲ. ಅಜೆರ್‌ಬೈಜಾನ್ ವೀಸಾ ಒಂದೇ ಪ್ರವೇಶದ್ದು, ಹಿಂದಿರುಗುವಂತೆಯೂ ಇಲ್ಲ! ಎರಡು ದೇಶಗಳ ನಡುವೆ ಒಂದಿಡೀ ದಿನ ಸಿಕ್ಕಿಬಿದ್ದ ಮೇಲೆ ಅಜೆರ್‌ಬೈಜಾನ್‌ನ ತುರ್ತು ವೀಸಾ ಸಿಕ್ಕಿತು.

ಟೆಂಟಿನಲ್ಲಿ ಮಲಗುವ ಸವಾರರಿಗೆ ಹೋಟೆಲ್ ಬುಕಿಂಗ್, ವಾಪಸ್ ವಿಮಾನ ಟಿಕೆಟ್ ಕೇಳುವ ನಿಯಮಗಳು ಹೊಂದುವುದೇ ಇಲ್ಲ. ಆದರೂ ಗಡಿಯಲ್ಲಿ ನಡೆಯುವುದು ನಿಯಮವೇ.

ಬೆಂಗಳೂರಿನಿಂದ ಕೊಲ್ಲಿಯತ್ತ ಸೈಕಲ್ ಕಟ್ಟುತ್ತಿರುವವರೇ, ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಬಹುಪ್ರವೇಶದ ವೀಸಾವನ್ನೇ ಮಾಡಿಸಿಕೊಳ್ಳಿ.