ಇರುಳಿಡೀ ಆಟ, 3 ನಿಮಿಷದ ತಟ್ಟೆ
ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದವನು ಮೂಡಲಗಿ ತಾಲ್ಲೂಕು ಕುಲಗೋಡದ ತಮ್ಮಣ್ಣ, 19ನೇ ಶತಮಾನದವನು. ಮುಂದೆ ಕಲಾವಿದೆ ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದರು. ಹಾರ್ಮೋನಿಯಂ, ತಬಲಾ ಜೊತೆ ಬೆಳಗಿನ ತನಕ ನಡೆಯುವ ಆಟವಿದು. ಅರಗು ಬೆರೆಸಿ ಮಾಡಿದ 10 ಇಂಚಿನ ಗ್ರಾಮಫೋನ್ ತಟ್ಟೆಯೋ ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲನ್ನು ಸುಮಾರು 3 ನಿಮಿಷಕ್ಕೇ ಮುಗಿಸುತ್ತದೆ. ಸತ್ಯಭಾಮೆಯ ಒಂದು ಮುನಿಸಿಗೂ ಅದು ಸಾಲದು!

ಅಟ್ಟದ ಮೇಲೆ ಇಂಥ ಹಳೆಯ ತಟ್ಟೆಗಳಿದ್ದರೆ ಮುಚ್ಚಿಡಬೇಡಿ, ಪ್ರತಿ ಮಾಡಿ ಹಂಚಿಕೊಳ್ಳಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ, ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. 1950ರ ದಶಕದವೆಲ್ಲ ಆ ಗಡಿ ದಾಟಿವೆ. ಸಾಹಿತ್ಯದ ಹಕ್ಕು ಬೇರೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತಮ್ಮಣ್ಣನ ಪದಗಳಿಗೆ ಆ ತಡೆಯೂ ಇಲ್ಲ.