ಒಡೆದ ದನಿಯನ್ನು ಕೂಡಿಸುವ ಕೈಗಳು

ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆಗಳ ಸಾಲು ಮುಗಿಯಿತೆಂದರೆ ಸ್ಪೀಕರ್ ರಿಪೇರಿಯವರಿಗೆ ಕೈತುಂಬ ಕೆಲಸ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಿನ ಗಲ್ಲಿಗಳಲ್ಲಿ ಇಂಥ ಅಂಗಡಿಗಳಿವೆ. ಉಳಿದ ಊರುಗಳಲ್ಲೂ ಮೈಕ್ ಸೆಟ್‌ನವರನ್ನು ಕೇಳಿದರೆ ಒಬ್ಬರ ವಿಳಾಸ ಸಿಕ್ಕೇ ಸಿಗುತ್ತದೆ. ಒಳಗೆ ಕಾಲಿಟ್ಟರೆ ಗೋಡೆಗೆ ಒರಗಿಸಿದ 15 ಇಂಚು, 18 ಇಂಚಿನ ಬಾಸ್ ಸ್ಪೀಕರ್‌ಗಳು, ಮೊಳೆಗೆ ನೇತುಬಿದ್ದ ಕಪ್ಪು ಕಾಗದದ ಕೋನ್‌ಗಳು, ಮೂಗಿಗೆ ಅಡರುವ ಥಿನ್ನರ್ ವಾಸನೆ. ಹರಿದ, ಸುಟ್ಟ ಸ್ಪೀಕರಿಗೆ ಮತ್ತೆ ದನಿ ಬರಿಸುವ ಈ ಕೆಲಸಕ್ಕೆ ರೀಕೋನಿಂಗ್ ಎನ್ನುತ್ತಾರೆ. ಕಲಿಸುವ ಶಾಲೆಯಿಲ್ಲ, ಗುರುವಿನ ಪಕ್ಕ ಕೂತು ಕೈಯಲ್ಲೇ ಕಲಿಯಬೇಕು.

ಮನೆಯಲ್ಲಿ ಹಳೆಯ ಮ್ಯೂಸಿಕ್ ಸಿಸ್ಟಂ ಇಟ್ಟುಕೊಂಡವರು ಕೇಳುವ ಪ್ರಶ್ನೆ ಒಂದೇ: ಇದನ್ನು ನಾವೇ ಮಾಡಿಕೊಳ್ಳಬಹುದೆ, ಇಲ್ಲ ಇಂಥವರಿಗೆ ಕೊಡಬೇಕೆ? ಉತ್ತರ ಸ್ಪೀಕರಿನ ಒಳಗಿರುವ ಒಂದು ಸಣ್ಣ ಸಂದಿಯಲ್ಲಿದೆ.

ಇಂದು ನಾವು ಕೇಳುವ ಬಹುತೇಕ ಸ್ಪೀಕರ್‌ಗಳ ಮೂಲರಚನೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ್ದೇ. ಹಿಂಬದಿಯಲ್ಲಿ ಮ್ಯಾಗ್ನೆಟ್. ಅದರ ನಡುವಿನ ವರ್ತುಲಾಕಾರದ ಸಂದಿಯಲ್ಲಿ, ಎಲ್ಲೂ ತಾಗದಂತೆ ತೇಲುವ ತಾಮ್ರದ ಸುರುಳಿ; ಅದು ವಾಯ್ಸ್ ಕಾಯಿಲ್. ಕಾಯಿಲ್‌ಗೆ ಅಂಟಿಕೊಂಡ ಕಾಗದದ ಕೋನ್. ಕಾಯಿಲನ್ನು ನಟ್ಟನಡುವೆ ಹಿಡಿದಿಡುವ, ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆಗೆ ಸ್ಪೈಡರ್ ಎಂದು ಹೆಸರು. ಕೋನ್‌ನ ಹೊರಸುತ್ತನ್ನು ಕಬ್ಬಿಣದ ಫ್ರೇಮಿಗೆ ಕಟ್ಟುವ ಮೆತ್ತನೆಯ ಅಂಚು ಎಡ್ಜ್. ಆಂಪ್ಲಿಫೈಯರಿನಿಂದ ಕರೆಂಟ್ ಬಂದಂತೆ ಕಾಯಿಲ್ ಮುಂದಕ್ಕೂ ಹಿಂದಕ್ಕೂ ಓಡುತ್ತದೆ, ಕೋನ್ ಗಾಳಿಯನ್ನು ತಳ್ಳುತ್ತದೆ. ಕಾಯಿಲಿಗೂ ಮ್ಯಾಗ್ನೆಟ್ಟಿನ ಗೋಡೆಗೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆ ಸಂದಿಯ ಹೊರಗಿನ ಕೆಲಸ ಮನೆಯಲ್ಲಿ ಆಗುತ್ತದೆ. ಸಂದಿಯ ಒಳಗಿನದು ಪಳಗಿದ ಕೈಗೇ ಸಲ್ಲಬೇಕು. ಇದು ನಾನು ನಂಬಿಕೊಂಡು ಬಂದಿರುವ ಲೆಕ್ಕ.

ಯಾವುದು ಹೊರಗಿನದು, ಯಾವುದು ಒಳಗಿನದು ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಅಂಗಾತ ಮಲಗಿಸಿ. ಎರಡೂ ಕೈಗಳ ಬೆರಳ ತುದಿಗಳನ್ನು ಕೋನ್‌ನ ಸುತ್ತ ಸಮವಾಗಿಟ್ಟು ಮೆಲ್ಲಗೆ ಒತ್ತಿ, ಬಿಡಿ, ಕಿವಿ ಹತ್ತಿರವಿರಲಿ. ಸದ್ದಿಲ್ಲದೆ ಕೆಳಗಿಳಿದು ಮೇಲೆದ್ದರೆ ಕಾಯಿಲ್ ಸರಿಯಾಗಿ ಕೂತಿದೆ. ಮರಳ ಮೇಲೆ ಕಾಗದ ಎಳೆದಂತೆ ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ, ಇಲ್ಲವೇ ಸಂದಿಗೆ ಕಸ ಸೇರಿದೆ. ಆಮೇಲೆ ಮಲ್ಟಿಮೀಟರ್. 8 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ ಸುಮಾರು 6 ತೋರಿಸುವುದು ಸಹಜ, 4 ಓಮ್‌ನದು 3ರ ಆಸುಪಾಸು. ಏನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ. ಕಡಿದದ್ದು ಕಾಯಿಲೇ ಎಂದು ಆಗಲೇ ತೀರ್ಮಾನಿಸಬೇಡಿ. ಟರ್ಮಿನಲ್‌ನಿಂದ ಕೋನ್‌ವರೆಗೆ ಬರುವ ಹೆಣೆದ ಲೀಡ್ ವೈರ್ ಬೆಸುಗೆಯ ಬುಡದಲ್ಲೇ ಮುರಿದಿರುವುದುಂಟು.

ಆ ಲೀಡ್ ವೈರನ್ನು ಮತ್ತೆ ಬೆಸೆಯುವುದು ಮನೆಯ ಕೆಲಸ. ಬೆಸುಗೆಯ ಸೀಸ ಮಾತ್ರ ಹೆಣಿಗೆಯೊಳಗೆ ಹರಿಯಬಾರದು. ಹರಿದರೆ ಅಲ್ಲಿ ವೈರ್ ಗಟ್ಟಿಯಾಗಿ ಅದೇ ಜಾಗದಲ್ಲಿ ಮತ್ತೆ ತುಂಡಾಗುತ್ತದೆ. ಲೀಡ್ ವೈರಿನ ಬದಲಿಗೆ ಮನೆಯಲ್ಲಿ ಬಿದ್ದಿರುವ ಮಾಮೂಲಿ ವೈರ್ ಹಾಕುವಂತೆಯೂ ಇಲ್ಲ. ಕಾಗದದ ಕೋನ್‌ನಲ್ಲಿ ಸಣ್ಣ ಸೀಳು ಬಂದಿದ್ದರೆ ತೆಳುವಾದ ಟಿಶ್ಯೂ ಕಾಗದವನ್ನು ಕೊಂಚ ನೀರು ಬೆರೆಸಿದ ಫೆವಿಕಾಲ್‌ನಿಂದ ಹಿಂಬದಿಗೆ ಅಂಟಿಸಿದರೆ ಸಾಕು. ಫೆವಿಕ್ವಿಕ್ ಬೇಡ, ಒಣಗಿದಾಗ ಬಿರುಸಾಗಿ, ಪಕ್ಕದಲ್ಲೇ ಹೊಸ ಸೀಳು ಹುಟ್ಟಿಸುತ್ತದೆ. ದೇವಸ್ಥಾನ, ಶಾಲೆಗಳ ಕಂಬದ ಮೇಲಿನ ಹಾರ್ನ್‌ಗಳಿಗಂತೂ ಡಯಾಫ್ರಂ, ಅಂದರೆ ಅದುರಿ ಸದ್ದು ಮಾಡುವ ಪೊರೆ, ಬಿಡಿಯಾಗಿ ಸಿಗುತ್ತದೆ, ಯೂನಿಟ್‌ನ ಸ್ಕ್ರೂ ಬಿಚ್ಚಿ ಬದಲಿಸಬಹುದು. ಹಳ್ಳಿಯ ಮೈಕ್ ಸೆಟ್‌ನವರು ಇದನ್ನು ಎಂದಿನಿಂದಲೂ ತಾವೇ ಮಾಡಿಕೊಂಡು ಬಂದಿದ್ದಾರೆ.

ಮನೆಯ ಕೆಲಸವೂ ಹೌದು, ಕುಶಲಿಯ ಕೆಲಸವೂ ಹೌದು ಎನ್ನುವಂಥದ್ದು ಎಡ್ಜ್. 1970ರ ದಶಕದಿಂದೀಚೆಗೆ ಬಂದ ಅನೇಕ ಸ್ಪೀಕರ್‌ಗಳ ಎಡ್ಜ್ ಪಾಲಿಯುರೆಥೇನ್ ಫೋಮಿನದು. ಮೆತ್ತಗೆ, ಹಗುರ, ಸೊಗಸಾಗಿ ಬಾಸ್ ಕೊಡುತ್ತದೆ. ಆದರೆ ಗಾಳಿಯ ತೇವ ಅದನ್ನು ಒಳಗಿನಿಂದಲೇ ಕೊಳೆಸುತ್ತದೆ. ಬಳಸದೆ ಮೂಲೆಯಲ್ಲಿಟ್ಟರೂ ಹತ್ತು ಹದಿನೈದು ವರ್ಷಗಳಲ್ಲಿ ಬೆರಳು ತಾಗಿದರೆ ಉದುರುವ ಪುಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ತೇವದ ಹವೆಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ರಬ್ಬರ್ ಎಡ್ಜ್ ಇದಕ್ಕಿಂತ ಬಹುಕಾಲ ಬಾಳುತ್ತದೆ, ಲೇಪ ಹಚ್ಚಿದ ಬಟ್ಟೆಯ ಎಡ್ಜ್ ಇನ್ನೂ ಹೆಚ್ಚು.

ಫೋಮ್ ಹೋದರೂ ಕೋನ್, ಕಾಯಿಲ್ ಎರಡೂ ಗಟ್ಟಿಯಾಗಿರುವುದೇ ಹೆಚ್ಚು. ಅಂಥ ಸ್ಪೀಕರನ್ನು ಗುಜರಿಗೆ ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹೊಸ ಫೋಮ್ ರಿಂಗ್ ಅಳತೆಗೆ ಸರಿಯಾಗಿ ಸಿಕ್ಕರೆ, ತಾಳ್ಮೆಯಿರುವ ಯಾರಾದರೂ ಒಂದು ಭಾನುವಾರ ಇದನ್ನು ಮಾಡಬಹುದು. ಹಳೆಯ ಫೋಮ್, ಅಂಟು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ನೆನೆಸಿ ಕೆರೆದು ತೆಗೆಯಬೇಕು. ಅರ್ಧ ಸಮಯ ಇದಕ್ಕೇ ಹೋಗುತ್ತದೆ, ಹೋಗಲಿ. ರಿಂಗನ್ನು ಮೊದಲು ಕೋನಿಗೆ ಅಂಟಿಸಿ ಪೂರ್ತಿ ಒಣಗಲು ಬಿಡಬೇಕು. ಫ್ರೇಮಿಗೆ ಅಂಟಿಸುವ ಹೊತ್ತಿನಲ್ಲಿ ಕೋನ್ ಕೂದಲೆಳೆಯಷ್ಟು ಓರೆಯಾದರೂ ಕಾಯಿಲ್ ಉಜ್ಜತೊಡಗುತ್ತದೆ. ಅದಕ್ಕೇ ಅಂಟು ಹಿಡಿಯುವ ತನಕ ಮೊದಲು ಹೇಳಿದ ಬೆರಳ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತ, ಕೋನನ್ನು ಸರಿಸಿಕೊಳ್ಳುತ್ತ ಇರಬೇಕು. ಒಂದು ದಿನ ಪೂರ್ತಿ ಒಣಗಿದ ಮೇಲಷ್ಟೇ ಹಾಡು. ಒಂದು ಕಡೆಯ ಎಡ್ಜ್ ಹೋಗಿದ್ದರೂ ಜೋಡಿಯ ಎರಡಕ್ಕೂ ಹಾಕಿ; ಇಲ್ಲವಾದರೆ ಎಡ ಬಲಗಳ ದನಿ ಬೇರೆಬೇರೆ.

ಕಾಯಿಲ್ ಸುಟ್ಟರೆ ಮಾತೇ ಬೇರೆ. ಅದನ್ನು ಬದಲಿಸುವ ಕೆಲಸವನ್ನು ಒಮ್ಮೆ ಹತ್ತಿರ ಕೂತು ನೋಡಿ. ಕುಶಲಿ ಬ್ಲೇಡಿನಿಂದ ಹಳೆಯ ಕೋನ್ ಕೊಯ್ದು ತೆಗೆದು, ಫ್ರೇಮನ್ನು ಥಿನ್ನರ್ ಹಚ್ಚಿ ಲೋಹ ಕಾಣುವ ತನಕ ಕೆರೆಯುತ್ತಾರೆ. ಗಟ್ಟಿ ಕಾರ್ಡಿಗೆ ಅಂಟಿನ ಮುಖ ಹೊರಗಿರುವಂತೆ ಟೇಪ್ ಸುತ್ತಿ ಸಂದಿಯೊಳಗೆ ಆಡಿಸುತ್ತಾರೆ. ಮ್ಯಾಗ್ನೆಟ್ ಸೆಳೆದುಕೊಂಡ ಕಬ್ಬಿಣದ ಪುಡಿಯೆಲ್ಲ ಅದಕ್ಕೆ ಹತ್ತಿ ಬರುತ್ತದೆ. ಆಮೇಲೆ ಹೊಸ ಕಾಯಿಲ್ ಇಳಿಸಿ, ಅದರ ಒಳಸುತ್ತಿಗೆ ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಕತ್ತರಿಸಿದ ಪಟ್ಟಿಗಳನ್ನು ಸಿಕ್ಕಿಸುತ್ತಾರೆ. ಕಾಯಿಲ್ ಎಲ್ಲ ಕಡೆಗೂ ಸಮದೂರದಲ್ಲಿ ನಿಲ್ಲುವುದು ಈ ಪಟ್ಟಿಗಳ ಬಲದಿಂದ. ಎತ್ತರವೂ ಅಷ್ಟೇ ಮುಖ್ಯ: ತೀರಾ ಕೆಳಗೆ ಕೂತರೆ ದೊಡ್ಡ ಬಾಸಿಗೆ ತಳಕ್ಕೆ ಬಡಿಯುತ್ತದೆ, ಮೇಲೆ ಕೂತರೆ ದನಿ ಸೊರಗುತ್ತದೆ. ಸ್ಪೈಡರ್, ಕೋನ್, ಲೀಡ್ ವೈರ್ ಎಲ್ಲ ಸೇರಿ ಅಂಟು ಒಣಗಿದ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ಎಳೆದು ತೆಗೆದು, ಕಡೆಗೆ ಕೋನ್‌ನ ನಡುವಿಗೆ ಡಸ್ಟ್ ಕ್ಯಾಪ್ ಎಂಬ ಮುಚ್ಚಳ ಅಂಟಿಸುತ್ತಾರೆ. ಇದನ್ನು ವಿಡಿಯೊ ನೋಡಿ ಮನೆಯಲ್ಲಿ ಮಾಡಲು ಹೊರಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಾಗೆಯೇ, ಏನೇ ಆಗಲಿ, ಮ್ಯಾಗ್ನೆಟ್ಟನ್ನು ಬಿಚ್ಚಬೇಡಿ. ಬಿಚ್ಚಿದರೆ ಅದರ ಶಕ್ತಿ ಕುಂದಬಹುದು, ಸಂದಿಯನ್ನು ಮತ್ತೆ ಸಮನಾಗಿ ಕೂರಿಸುವುದಂತೂ ಮನೆಯಲ್ಲಿ ಆಗದ ಮಾತು.

ಕುಶಲಿಗೆ ಕೊಟ್ಟಾಗಲೂ ಒಂದು ಎಚ್ಚರ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಕೋನ್, ಕಾಯಿಲ್ ಹೆಚ್ಚಾಗಿ ಅಳತೆಗೆ ಹೊಂದುವಂಥವು, ಕಂಪನಿಯ ಅಸಲಿ ಭಾಗಗಳಲ್ಲ. ಮೆರವಣಿಗೆಯ ಬಾಸ್ ಪೆಟ್ಟಿಗೆಗೆ ಅದು ನಡೆಯುತ್ತದೆ. ಮನೆಯ ಒಳ್ಳೆಯ ಸ್ಪೀಕರಿಗೆ ನಡೆಯುವುದಿಲ್ಲ. ಅದರ ಪೆಟ್ಟಿಗೆಯ ಗಾತ್ರವನ್ನು ನಿರ್ಧರಿಸಿರುವುದೇ ಆ ಕೋನ್‌ನ ತೂಕ, ಎಡ್ಜ್‌ನ ಬಿಗಿಗಳನ್ನು ಲೆಕ್ಕ ಹಾಕಿ. ಭಾರದ ಕೋನ್ ಬಂದರೆ ಆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ "ಕೋನ್ ಚೆನ್ನಾಗಿದೆ, ಅದನ್ನು ಉಳಿಸಿ ಎಡ್ಜ್ ಮಾತ್ರ ಹಾಕಿ" ಎಂದು ಬಾಯಿಬಿಟ್ಟು ಹೇಳಬೇಕು. ಅಸಲಿ ರೀಕೋನ್ ಕಿಟ್ ಸಿಗುವ ಮಾಡೆಲ್ಲಾದರೆ ದುಬಾರಿಯಾದರೂ ಅದನ್ನೇ ತರಿಸುವುದು ಮೇಲು. ಟಿವಿಯ ಒಳಗಿನ ಪುಟಾಣಿ ಸ್ಪೀಕರಿಗೆ ಇಷ್ಟೆಲ್ಲ ಬೇಡ, ಹೊಸದೇ ಅಗ್ಗ.

ಸುಟ್ಟದ್ದು ಯಾಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಸದ್ದಾಗಿ ಹೊರಬರುವುದು ಸಣ್ಣ ಪಾಲು. ಉಳಿದದ್ದೆಲ್ಲ ಕಾಯಿಲಿನಲ್ಲಿ ಶಾಖವಾಗುತ್ತದೆ. ಸಣ್ಣ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿ ದನಿ ಕರ್ಕಶವಾದ ಮೇಲೂ ಓಡಿಸಿದರೆ ಮೊದಲು ಟ್ವೀಟರ್, ಅಂದರೆ ಕೀಚುದನಿಯ ಪುಟ್ಟ ಸ್ಪೀಕರ್, ಹೋಗುತ್ತದೆ. ಆಂಪ್ಲಿಫೈಯರ್ ಕೆಟ್ಟು ಡಿಸಿ (ನೇರ ವಿದ್ಯುತ್) ಬರುತ್ತಿದ್ದರಂತೂ ಹೊಸ ಕಾಯಿಲ್ ಕೂಡ ಅಂದೇ ಸುಡುತ್ತದೆ. ಮೊದಲು ಆಂಪ್ಲಿಫೈಯರನ್ನು ತೋರಿಸಿ.

ಅಂಗಡಿಗೆ ಹೋಗುವಾಗ ಜೋಡಿಯ ಎರಡೂ ಸ್ಪೀಕರ್ ಒಯ್ಯಿರಿ. ಹರಿದ ಕೋನ್, ಉದುರಿದ ಎಡ್ಜ್ ಚೂರು, ಸುಟ್ಟ ಕಾಯಿಲ್ ಯಾವುದನ್ನೂ ಎಸೆಯದೆ ಕವರಿನಲ್ಲಿ ಹಾಕಿಕೊಂಡು ಹೋಗಿ. ಹೊಸ ಭಾಗದ ಅಳತೆ ತೆಗೆಯುವುದು ಅವುಗಳಿಂದಲೇ. ಒಂದೇ ಗಂಟೆಯಲ್ಲಿ ಕೊಡುತ್ತೇನೆ ಎನ್ನುವವರಿಗಿಂತ "ನಾಳೆ ಬನ್ನಿ ಸಾರ್, ಅಂಟು ಒಣಗಬೇಕು" ಎನ್ನುವವರ ಕೈಗೆ ಕೊಡಿ.